ಪಾರ್ವತಮ್ಮ ತೊಳೆದಿಟ್ಟ ಎಂಟು ವಾಲ್ವು

ಓಡದ ಕಾರನ್ನು ಬಿಚ್ಚುವವರು ಎಲ್ಲಾದರೂ ಸಿಗುತ್ತಾರೆ. ಚೆನ್ನಾಗಿ ಓಡುತ್ತಿರುವ ಕಾರನ್ನು ಬಿಚ್ಚಿ ಹರವಿಕೊಂಡು ಅದರ ಮುಂದೆ ಸುಖವಾಗಿ ಕೂರುವವನು ಮಾತ್ರ ಬಾಗಲೂರಿನ ಸುತ್ತಮುತ್ತ ಒಬ್ಬನೇ ಇದ್ದ. ಅವನು ರಾಮಾಂಜಿನಪ್ಪ.

ಯುದ್ಧದ ಕಾಲದಲ್ಲಿ ನಾಲ್ಕು ವರ್ಷ ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಲಾರಿಗಳ ಹೊಟ್ಟೆಯೊಳಗೆ ಕೈಯಾಡಿಸಿ ಬಂದಿದ್ದ. ಯುದ್ಧ ಮುಗಿದ ಮೇಲೆ ಮತ್ತೆ ಅದೇ ರಾಗಿ ಹೊಲ, ಅದೇ ಕಪಿಲೆ ಬಾವಿ; ಕೈಯ ಚಪಲ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಹೊಸೂರಿನ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೊರಟ. ಹೋಗುವಾಗ ತನ್ನ ಹಳೆಯ ಪುಟ್ಟ ಕಾರನ್ನು ಬಟ್ಲರನಿಗೆ ಬಿಟ್ಟ. ಎಲ್ಲೆಲ್ಲೂ ರೇಷನ್ನಿನ ಕಾಲ, ಕಾರನ್ನು ಬೇಯಿಸಿ ತಿನ್ನಲಾಗುತ್ತದೆಯೇ? ಬಟ್ಲರ ಎರಡು ಮೂಟೆ ರಾಗಿ ಇಳಿಸಿಕೊಂಡು ಕೈತೊಳೆದುಕೊಂಡ. ರಾಮಾಂಜಿನಪ್ಪ ಕಾರಿಗೆ ಎತ್ತು ಕಟ್ಟಿ ಎಳೆಸಿಕೊಂಡು ಊರಿಗೆ ಬಂದ.

ಮೂರು ತಿಂಗಳಲ್ಲಿ ಅದು ಓಡಿತು. ಪೆಟ್ರೋಲಿಗೆ ಕೂಪನ್ನು ಸಿಗುವುದಿಲ್ಲವೆಂದು ಹೊಗೆ ಕೊಳವೆಗೆ ತಾಮ್ರದ ನಳಿಗೆ ಸುತ್ತಿಸಿ, ಒಂದು ಚಮಚ ಪೆಟ್ರೋಲಿನಲ್ಲಿ ಎದ್ದು ಆಮೇಲೆ ಆ ನಳಿಗೆಯಲ್ಲಿ ಕಾದ ಸೀಮೆಎಣ್ಣೆ ಕುಡಿದು ಓಡುವಂತೆ ಮಾಡಿದ್ದ. ಬೇರೆಯವನಾಗಿದ್ದರೆ ಹಾರ ಹಾಕಿ ಅಲ್ಲಿಗೆ ನಿಲ್ಲಿಸುತ್ತಿದ್ದ. ಇವನಿಗೆ ಕೆರೆ ಏರಿ ಹತ್ತುವಾಗ ಎಂಜಿನ್ನು ಇನ್ನೊಂಚೂರು ಎಳೆಯಬಹುದಿತ್ತು ಅನ್ನಿಸಿತು. ಬಿಚ್ಚಿದ. ಕಟ್ಟಿದ. ಮತ್ತೆ ಅನ್ನಿಸಿತು, ಮತ್ತೆ ಬಿಚ್ಚಿದ. ಒಂದೂವರೆ ವರ್ಷದಲ್ಲಿ ಹೆಂಡತಿ ಪಾರ್ವತಮ್ಮ ಆ ಕಾರಿನಲ್ಲಿ ಕೂತದ್ದು ಒಂದೇ ಸಲ, ಅದೂ ಹೋಗುವಾಗ ಮಾತ್ರ. ಬರುವಾಗ ನಡೆದು ಬಂದಿದ್ದಳು.

ಮನೆಯಲ್ಲಿ ಯಜಮಾನಿಕೆ ತಾಯಿ ದೊಡ್ಡಮುನಿಯಮ್ಮನದು. ದೀಪದ ಎಣ್ಣೆಯೆಲ್ಲ ಆ ಕಬ್ಬಿಣಕ್ಕೇ ಸುರಿಯುತ್ತಿರುವುದನ್ನು ನೋಡಿ ನೋಡಿ ಅವಳ ತಾಳ್ಮೆ ತೀರಿತ್ತು. ದನದ ಕೊಟ್ಟಿಗೆಯಲ್ಲಿ ಅರ್ಧ ಜಾಗವನ್ನು ಎಂಜಿನ್ನು ಹಿಡಿದಿತ್ತು, ಹಸು ಬೇರೆ ಈಯುವುದರಲ್ಲಿತ್ತು. ನವರಾತ್ರಿ ಶುರುವಾದ ದಿನ ಅವಳು ಮಗನನ್ನು ಕರೆದು ತೀರ್ಪು ಹೇಳಿಬಿಟ್ಟಳು.

"ಲೋ ರಾಮಾಂಜಿ, ಗೆಯ್ಯೋ ಸಾಮಾನಿಗೆ ಕುಂಕುಮ ಇಕ್ತೀನಿ, ಸತ್ತಿರೋದ್ಕೆ ಇಕ್ಕಾಕಿಲ್ಲ. ಆಯುಧಪೂಜೆ ಹೊತ್ಗೆ ಅದು ಸದ್ದು ಮಾಡ್ಬೇಕು. ಮಾಡ್ನಿಲ್ಲ ಅಂದ್ರೆ ಚಿಕ್ಕಮುನಿಯಪ್ಪ ಗಾಡಿ ತತ್ತಾನೆ ಕಣ್ಲಾ."

ಚಿಕ್ಕಮುನಿಯಪ್ಪ ಹೊಸೂರಿನ ಹಳೇ ಕಬ್ಬಿಣದವನು. ಏನು ಕೊಂಡರೂ ಮೊದಲು ಸುತ್ತಿಗೆಯಿಂದ ಒಡೆದು ಆಮೇಲೆ ಗಾಡಿಗೆ ತುಂಬುವುದು ಅವನ ಪದ್ಧತಿ. ರಾಮಾಂಜಿನಪ್ಪ ಆ ಕ್ಷಣವೇ ಕೊಟ್ಟಿಗೆ ಸೇರಿದ.

ಪೂಜೆ ಹತ್ತಿರ ಬರುವಷ್ಟರಲ್ಲಿ ಕೆಲಸ ಮುಗಿಯುವ ಹಂತಕ್ಕೆ ಬಂದಿತ್ತು. ಎಂಜಿನ್ನು ಉಸಿರಾಡುವುದು ಎಂಟು ವಾಲ್ವುಗಳಿಂದ. ಅಣಬೆಯಂತೆ ಚಪ್ಪಟೆ ತಲೆ, ಉದ್ದ ಕಾಲು. ಒಂದೊಂದನ್ನೂ ಅದರದೇ ಗುಳಿಯಲ್ಲಿಟ್ಟು, ಎಣ್ಣೆಯಲ್ಲಿ ಕಲಸಿದ ಉಜ್ಜುಪುಡಿ ಹಾಕಿ, ಗಾಳಿ ನುಸುಳದ ಹಾಗೆ ಅಂಗೈಯಲ್ಲಿ ತಿರುವಿ ತಿರುವಿ ಕೂರಿಸಿದ್ದ. ನವರಾತ್ರಿಗೆ ಮೊದಲೇ ಹಿಡಿದಿದ್ದ ಹನ್ನೆರಡು ದಿನದ ಕೆಲಸ. ಯಾವುದು ಯಾವ ಗುಳಿಯದು ಎಂದು ಕಲೆಸಿಹೋಗಬಾರದೆಂದು ಮನೆಯ ಅಳಗುಳಿ ಮಣೆಯನ್ನು ತಂದು, ಅದರ ಕುಳಿಗಳಲ್ಲಿ ಸಾಲಿಗೆ ನಾಲ್ಕರಂತೆ ಎಂಟನ್ನೂ ಇಟ್ಟಿದ್ದ. ಎಷ್ಟು ಜಾಣ ನೋಡಿ. ಆ ಸಾಲಿನ ಗುಟ್ಟನ್ನು ಮನೆಯವರಿಗೊಂದು ಮಾತು ಹೇಳಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಪೂಜೆಯ ಹಿಂದಿನ ದಿನ ಎಂಜಿನ್ನಿನ ಮುಚ್ಚಳದಡಿ ಹಾಸುವ ತಾಮ್ರದ ತಗಡು ತರಲು ಹೊಸೂರಿಗೆ ಹೋದ. ಇತ್ತ ಅತ್ತೆ ಸೊಸೆ ನೇಗಿಲು, ಕುಡುಗೋಲು, ಹಾರೆ, ಗುದ್ದಲಿಗಳನ್ನೆಲ್ಲ ತೊಳೆಯಲು ಇಳಿಸಿದರು. ಆಯುಧಪೂಜೆಗೆ ಕೊಳೆ ಸಾಮಾನು ಇಡುವಂತಿಲ್ಲವಲ್ಲ. ಪಾರ್ವತಮ್ಮನಿಗೆ ಎಣ್ಣೆ ಮೆತ್ತಿದ ವಾಲ್ವುಗಳು ಕಂಡವು. ಇವೂ ಥಳಥಳ ಹೊಳೆದರೆ ಅತ್ತೆಯ ಮನಸ್ಸು ಕರಗೀತು, ಗಂಡನ ಕಾರು ಉಳಿದೀತು ಎಂದುಕೊಂಡಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಎಂಟನ್ನೂ ತಿಕ್ಕಿದಳು, ಮೊರದಲ್ಲಿ ಹಾಕಿ ಬಿಸಿಲಿಗೆ ಒಣಗಿಸಿದಳು, ಮತ್ತೆ ಅದೇ ಮಣೆಯಲ್ಲಿ ಅಂದವಾಗಿ ಜೋಡಿಸಿಟ್ಟಳು.

ಮಧ್ಯಾಹ್ನ ಬಂದ ರಾಮಾಂಜಿನಪ್ಪ ಮಣೆ ನೋಡಿದ. ಕಂಚಿನ ಅಂಗಡಿಯ ಹಾಗೆ ಹೊಳೆಯುತ್ತಿತ್ತು. ಮೊದಲಿದ್ದ ಸಾಲಿನಲ್ಲೇ ಇಟ್ಟೆಯಾ ಎಂದು ಸಣ್ಣ ದನಿಯಲ್ಲಿ ಕೇಳಿದ. ಎಂಟೂ ಒಂದೇ ತರ ಇವೆಯಲ್ಲ, ಸಾಲೇನು ಬಂತು ಎಂದಳು ಅವಳು. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಉಸಿರು ಸೋರಿ ಎಂಜಿನ್ನು ಏಳುವುದೇ ಇಲ್ಲವೆಂದು ಅವನು ವಿವರಿಸಲು ಹೊರಟ, ಅರ್ಧಕ್ಕೇ ಬಿಟ್ಟ. ಮತ್ತೆ ಉಜ್ಜಿ ಕೂರಿಸಲು ಹನ್ನೆರಡು ದಿನ ಬೇಕು. ಉಳಿದಿದ್ದದ್ದು ಒಂದು ಸಂಜೆ. ಗೋಡೆಯ ಕಡೆ ತಿರುಗಿ ಕೂತು ಅತ್ತುಬಿಟ್ಟ. ಮದುವೆಯಾದ ಆರು ವರ್ಷದಲ್ಲಿ ಅವನು ಅತ್ತದ್ದನ್ನು ಪಾರ್ವತಮ್ಮ ಕಂಡಿರಲಿಲ್ಲ. ಇಷ್ಟು ದಿನ ಅದು ಹಾಳು ಕಬ್ಬಿಣ ಎಂದು ತಾನೂ ಆಡಿಕೊಂಡಿದ್ದಕ್ಕೆ ನಾಚಿಕೆಯಾಯಿತು.

ಒಂದು ವಾಲ್ವನ್ನು ಕೈಗೆತ್ತಿಕೊಂಡು ಅದರ ಅಂಚನ್ನು ತಿರುಗಿಸಿ ನೋಡಿದಳು. ಆಮೇಲೆ ಹೇಳಿದಳು:

"ಮಾವ, ಬೀಸೋ ಕಲ್ಗೆ ಉಳಿ ಹಾಕೋನು ಏನ್ ಮಾಡ್ತಾನೆ? ಕೆಮ್ಮಣ್ಣು ಬಳ್ದು ಮೇಲ್ಕಲ್ಲು ಒಂದ್ ಸುತ್ತು ತಿರುಗಿಸ್ತಾನೆ. ಎಲ್ಲಿ ಅಂಟ್ತೋ ಅಲ್ಲಿ ಕೂತದೆ ಅಂತ ಲೆಕ್ಕ. ಇದ್ಕೂ ಹಂಗೇ ನೋಡಾನ."

ಮಣ್ಣು ಸೋಕಿದರೆ ವಾಲ್ವು ಕೆಡುತ್ತದೆ ಎಂದ. ಅವಳು ಒಳಗೆ ಹೋಗಿ ತನ್ನ ಕಾಡಿಗೆ ಡಬ್ಬಿ ತಂದಳು. ವರ್ಕ್‌ಶಾಪಿನಲ್ಲಿ ಸಾಹೇಬರು ಇದೇ ಕೆಲಸಕ್ಕೆ ಡಬ್ಬದಿಂದ ನೀಲಿ ಬಣ್ಣ ತೆಗೆದು ಬಳಿಯುತ್ತಿದ್ದದ್ದು ಆಗ ಅವನ ನೆನಪಿಗೆ ಬಂತು. ನಾಲ್ಕು ವರ್ಷ ಕಣ್ಣಾರೆ ಕಂಡವನಿಗೆ ಹೊಳೆಯದ್ದು ಇವಳಿಗೆ ಹೊಳೆಯಿತಲ್ಲ ಎಂದು ಮೂಗು ಒರೆಸಿಕೊಂಡು ಎದ್ದ.

ವಾಲ್ವಿನ ಅಂಚಿಗೆ ತೆಳ್ಳಗೆ ಕಾಡಿಗೆ ಸವರುವುದು, ಗುಳಿಗೆ ಇಳಿಸಿ ಕಾಲು ಸುತ್ತು ತಿರುಗಿಸುವುದು, ಎತ್ತುವುದು. ಗುಳಿಯಲ್ಲಿ ಕಪ್ಪು ಬಳೆ ಎಲ್ಲೂ ಮುರಿಯದೆ ಮೂಡಿದರೆ ಅದೇ ಅದರ ಮನೆ. ತಿರುಗಿಸುವುದು ಅವನು, ನೋಡುವುದು ಅವಳು. ರಾಗಿಯಲ್ಲಿ ಕಲ್ಲು ಆರಿಸಿ ಆರಿಸಿ ಅವಳ ಕಣ್ಣು ಹರಿತವಾಗಿತ್ತು. ಗಂಡು ಹೆಣ್ಣು ಕೂಡಿಸುವ ಬ್ರೋಕರಿಗೂ ಇಷ್ಟು ಓಡಾಟವಿಲ್ಲ. ಇದು ಒಪ್ಪಿದರೆ ಅದು ಒಪ್ಪುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಏಳು ತಮ್ಮ ಮನೆ ಸೇರಿದವು. ಎಂಟನೆಯದನ್ನು ಪಾರ್ವತಮ್ಮ ಬಗ್ಗಿ ನೋಡಿ, ಹೆಬ್ಬೆರಳಿನಿಂದ ಒರೆಸಿ, ಸರಿಯಾಗಿದೆ ಎಂದಳು.

ರಾತ್ರಿಯೆಲ್ಲ ಕೂತು ಎಂಜಿನ್ನು ಕಟ್ಟಿ ಕಾರಿಗೆ ಕೂರಿಸಿದರು. ಬೆಳಿಗ್ಗೆ ಚಿಕ್ಕಮುನಿಯಪ್ಪ ಗಾಡಿ ಹೊಡೆದುಕೊಂಡು ಬಂದೇಬಿಟ್ಟ. ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ, ಎಂಜಿನ್ನನ್ನು ಎಲ್ಲಿಂದ ಒಡೆಯಲು ಶುರುಮಾಡಬೇಕೆಂದು ಕಣ್ಣಲ್ಲೇ ಅಳೆದ. ದೊಡ್ಡಮುನಿಯಮ್ಮ ನೇಗಿಲಿಗೆ, ಗುದ್ದಲಿಗೆ ಕುಂಕುಮವಿಟ್ಟು ತಟ್ಟೆ ಹಿಡಿದು ಕಾರಿನ ಮುಂದೆ ನಿಂತಳು. ರಾಮಾಂಜಿನಪ್ಪ ಹ್ಯಾಂಡಲ್ ಸುತ್ತಿದ. ಏನೂ ಇಲ್ಲ. ಎರಡನೆಯ ಸಲವೂ ಇಲ್ಲ, ಮೂರನೆಯ ಸಲವೂ ಇಲ್ಲ. ಚಿಕ್ಕಮುನಿಯಪ್ಪ ಮಜ್ಜಿಗೆ ಲೋಟ ಕೆಳಗಿಟ್ಟ. ನಾಲ್ಕನೆಯ ಸಲ ಎಂಜಿನ್ನು ಸೀನಿತು, ಕೋಳಿಗಳು ಸೂರು ಹತ್ತಿದವು. ಐದನೆಯ ಸಲಕ್ಕೆ ಭರ್ರೆಂದು ಎದ್ದು ನಿಂತಿತು. ದೊಡ್ಡಮುನಿಯಮ್ಮ ಬೆಚ್ಚಿದ ರಭಸಕ್ಕೆ ತಟ್ಟೆಯ ಕುಂಕುಮವೆಲ್ಲ ಕಾರಿನ ಮೂತಿಗೆ ಬಿತ್ತು. ಪೂಜೆ ಆಯಿತು ಎಂದು ಅವಳೇ ಘೋಷಿಸಿದಳು. ಹಳೇ ಕಬ್ಬಿಣದವನ ಚೀಲಕ್ಕೆ ಕಡ್ಲೆಪುರಿ ತುಂಬಿ ಮರ್ಯಾದೆಯಿಂದ ಕಳಿಸಿದರು.

ಚಕ್ರದಡಿ ನಿಂಬೆಹಣ್ಣಿಟ್ಟು ಹೊರಟರು. ಹಿಂದೆ ದೊಡ್ಡಮುನಿಯಮ್ಮ ಕಂಬಿ ಹಿಡಿದು, ಮುಂದೆ ಪಾರ್ವತಮ್ಮ. ಕೆರೆ ಏರಿಯನ್ನು ಕಾರು ಏದುಸಿರಿಲ್ಲದೆ ಹತ್ತಿತು. ರಾಮಾಂಜಿನಪ್ಪ ಸುಮ್ಮಸುಮ್ಮನೆ ನಗುತ್ತಿದ್ದ. ಪಾರ್ವತಮ್ಮ ಮಾತ್ರ ಎಂಜಿನ್ನಿನ ಸದ್ದಿಗೇ ಕಿವಿಗೊಟ್ಟು ಕೂತಿದ್ದಳು. ಏರಿಯ ನಡುವೆ ಬಂದಾಗ ತಡೆಯಲಾರದೆ ಹೇಳಿಬಿಟ್ಟಳು:

"ಮಾವ, ಕೊನೇದು ಸುತ್ತ ಅಂಟಿರ್ನಿಲ್ಲ. ಒಂದ್ ಕೂದ್ಲೆಳೆ ಬಿಟ್ಟಿತ್ತು. ನೀನು ಮತ್ತೆ ಅತ್ಬುಟ್ಟೀಯ ಅಂತ ಒರ್ಸ್ಬುಟ್ಟೆ."

ಅವನು ಕಾರು ನಿಲ್ಲಿಸಿದ. ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದಳು. ಆದರೆ ಒಂದೂವರೆ ವರ್ಷದಲ್ಲಿ ಆ ಎಂಜಿನ್ನಿನ ಬಗ್ಗೆ, ಎತ್ತಿ ಬಿಸಾಕು ಅನ್ನುವುದನ್ನು ಬಿಟ್ಟು ಬೇರೊಂದು ಮಾತನ್ನು ಅವನು ಯಾರ ಬಾಯಿಂದಲೂ ಕೇಳಿರಲಿಲ್ಲ. ಅವನಿಗೆ ಹೇಳಲಾಗದಷ್ಟು ಸಂತೋಷವಾಯಿತು. ಯಾವ ಕಡೆ ಬಿಟ್ಟಿತ್ತು ಎಂದು ಕೇಳಿದ. ಅವಳು ಕೈಬಳೆಯ ಮೇಲೆ ಬೆರಳಿಟ್ಟು ತೋರಿಸಿದಳು. ಇಬ್ಬರೂ ತಲೆ ಕೂಡಿಸಿ ಬಳೆಯನ್ನೇ ನೋಡುತ್ತ ಕೂತರು.

"ಹಬ್ಬ ಮುಗೀಲಿ, ಬಿಚ್ಚಿ ನೋಡಾನ," ಎಂದಳು ಪಾರ್ವತಮ್ಮ.

ಹಿಂದಿನ ಸೀಟಿನಲ್ಲಿ ದೊಡ್ಡಮುನಿಯಮ್ಮ ಕಂಬಿ ಬಿಟ್ಟು ಹಣೆ ಚಚ್ಚಿಕೊಂಡಳು.

"ಮನೇಲಿ ಒಬ್ನೇ ಅವ್ನೆ ಅನ್ಕೊಂಡಿದ್ದೆ. ಈಗ ಇಬ್ರಾದ್ರು."