ಆಟಗಾರನನ್ನು ನೋಡಿ ಬಂದದ್ದು

ನಮ್ಮನೆಯವರಿಗೆ ಐವತ್ತು ದಾಟಿದೆ. ಸಿರಸಿಯಲ್ಲಿ ಟೈಲ್ಸ್ ಅಂಗಡಿ ಇದೆ, ಸಕ್ಕರೆ ಕಾಯಿಲೆ ಇದೆ, ಮದುವೆಗೆ ಬಂದ ಮಗಳಿದ್ದಾಳೆ. ಇಷ್ಟೆಲ್ಲ ಇರುವ ಮನುಷ್ಯನಿಗೆ ಮಳೆಗಾಲ ಮುಗಿಯುತ್ತಾ ಬಂದಂತೆ ತಲೆ ಕೆಡುತ್ತದೆ. ಕಾರಣ ಫುಟ್ಬಾಲ್. ಇವರೇ ಆಡುತ್ತಾರೆ ಅಂದುಕೊಳ್ಳಬೇಡಿ. ಬಸ್ ಹಿಡಿಯಲು ನಾಲ್ಕು ಹೆಜ್ಜೆ ಓಡಿದರೆ ಕಲ್ಲುಕಟ್ಟೆ ಹುಡುಕಿ ಕೂರುವ ಜೀವ ಅದು.

ಇವರ ಗೆಳೆಯ ಗೋವಿಂದ ಹುಬ್ಬಳ್ಳಿಯಲ್ಲಿ ನೌಕರಿಗಿದ್ದಾಗ ಕಲಿತುಬಂದ ರೋಗ ಇದು. ಫ್ಯಾಂಟಸಿ ಫುಟ್ಬಾಲ್ ಅಂತ ಹೆಸರು. ಗೆಳೆಯರೆಲ್ಲ ಕೂತು ಸರದಿಯಂತೆ ಒಬ್ಬೊಬ್ಬ ಆಟಗಾರನ ಹೆಸರು ಹೇಳಬೇಕು. ಒಬ್ಬರು ಹೇಳಿದ ಹೆಸರು ಇನ್ನೊಬ್ಬರಿಗಿಲ್ಲ. ಹಾಗೆ ಆರಿಸಿಕೊಂಡ ಆಟಗಾರ ಮೈದಾನದಲ್ಲಿ ಗೋಲು ಹೊಡೆದರೆ ಜಗುಲಿಯಲ್ಲಿ ಕೂತ ಇವರಿಗೆ ಅಂಕ. ಹೆಸರು ಆರಿಸುವ ಆ ದಿನಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಮೊದಲು ವಿಲಾಯತಿ ತಂಡಗಳ ಮೇಲೆ ಆಡಿದರು. ಆ ಹೆಸರುಗಳು ನಾಲಿಗೆಗೆ ಹೊರಳಲಿಲ್ಲ. ಕೊನೆಗೆ ಸಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗರು ಆಡುವ ನಮ್ಮ ಮೂರು ತಾಲೂಕಿನ ಪಂದ್ಯಾವಳಿಯನ್ನೇ ಹಿಡಿದುಕೊಂಡರು. ಗೆದ್ದವರಿಗೆ ಸಿಗುವುದು ಏನೂ ಇಲ್ಲ. ವರ್ಷವಿಡೀ ಉಳಿದವರನ್ನು ಹೀಯಾಳಿಸಬಹುದು, ಅಷ್ಟೇ. ಕಳೆದ ಸಲ ಇವರೇ ಕೊನೆ. ಸಂಕಷ್ಟಿಗೆ ದೇವಸ್ಥಾನಕ್ಕೆ ಹೋದರೂ ಗೋವಿಂದ ಅಲ್ಲಿಯೇ ಛೇಡಿಸುತ್ತಿದ್ದ.

ಹಾಗಾಗಿ ಈ ಸಲ ತಯಾರಿ ಜೋರು. ಯಲ್ಲಾಪುರಕ್ಕೆ ಟೈಲ್ಸ್ ಲೋಡಿನ ಜೊತೆ ತಾವೂ ಹೋಗಿ ಅಲ್ಲಿಯ ಹುಡುಗರ ಅಭ್ಯಾಸ ನೋಡಿ ಬಂದರು. ಇಡಗುಂದಿಯ ಗೋಲ್‌ಕೀಪರನಿಗೆ ಜ್ವರ ಬಂದದ್ದು ಅವನ ಮನೆಯವರಿಗಿಂತ ಮೊದಲು ನಮ್ಮ ಅಡುಗೆಮನೆಗೆ ಗೊತ್ತಾಯಿತು. ಆದರೆ ಒಬ್ಬನ ಸುದ್ದಿ ಮಾತ್ರ ಸಿಗಲೊಲ್ಲದು. ಸಿದ್ದಾಪುರ ತಾಲೂಕಿನ ಬಿಳಗಿ ಕಡೆಯ ಸಂದೇಶ ಭಟ್ಟ. ಹೋದ ವರ್ಷ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನು. ಈಗ ಅಭ್ಯಾಸಕ್ಕೆ ಒಂದು ದಿನ ಬಂದರೆ ಎರಡು ದಿನ ಇಲ್ಲವಂತೆ. ಚೀಟಿ ಎತ್ತಿದಾಗ ಮೊದಲ ಸರದಿ ಇವರಿಗೇ ಬಂದಿತ್ತು. ಅವನನ್ನು ಆರಿಸಲೋ ಬಿಡಲೋ ಎಂಬ ಚಿಂತೆಯಲ್ಲಿ ಊಟಕ್ಕೆ ಕೂತರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನೂ ಮರೆಯುತ್ತಿದ್ದರು.

ಡ್ರಾಫ್ಟಿನ ಹಿಂದಿನ ದಿನ ಸಿದ್ದಾಪುರದಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶ. ನಾನು ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದೆ. ಊಟ ಮುಗಿಸಿ ಸಿರಸಿಗೆ ಹೊರಟ ಕಾರು ಬಿಳಗಿ ಕಡೆ ತಿರುಗಿದಾಗ ಎಲ್ಲಿಗೆ ಎಂದು ಕೇಳಿದೆ. ಐದು ನಿಮಿಷದ ಕೆಲಸ ಎಂದರು. ಹೋಳಿಗೆ ತಿಂದ ಹೊಟ್ಟೆ, ನನಗೆ ಕಣ್ಣು ಎಳೆಯುತ್ತಿತ್ತು. ಸೀಟಿಗೆ ಒರಗಿದೆ.

ದಾರಿಯಲ್ಲಿ ಒಂದು ಗೂಡಂಗಡಿಯ ಎದುರು ನಿಲ್ಲಿಸಿದರು. ಅಂಗಡಿಯ ಮಂಜನ ಹತ್ತಿರ ಇವರ ವಿಚಾರಣೆ ಶುರುವಾಯಿತು. ಭಟ್ಟರ ಮನೆ ಹುಡುಗ ಹೇಗೆ, ಆರೋಗ್ಯ ಗಟ್ಟಿಯೋ, ಕವಳ ಗುಟ್ಕಾ ಅಭ್ಯಾಸ ಉಂಟೋ, ಸಿಟ್ಟು ಜಾಸ್ತಿಯೋ, ಬೇರೆ ಊರಿಗೆ ಹೋಗುವ ಯೋಚನೆಯಲ್ಲಿದ್ದಾನೋ ಇಲ್ಲೇ ಇರುತ್ತಾನೋ. ಮಂಜ ಬಗ್ಗಿ ಕಾರಿನೊಳಗೆ ನೋಡಿದ. ನನ್ನ ಸೀರೆ ನೋಡಿದ, ಹೂ ನೋಡಿದ. ಅಂಥ ಹುಡುಗ ಈ ಸೀಮೆಯಲ್ಲೇ ಇಲ್ಲ ಎಂದು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ನಾವು ಹೊರಟ ಮೇಲೆ ಅವನು ಫೋನ್ ಎತ್ತಿದ್ದು ನನಗೆ ಕನ್ನಡಿಯಲ್ಲಿ ಕಂಡಿತು. ಆಗಲೂ ನನ್ನ ಮಂಡೆಗೆ ಹೋಗಲಿಲ್ಲ.

ಭಟ್ಟರ ಮನೆಯಂಗಳದಲ್ಲಿ ಇಳಿದಾಗ ಮಂಡೆಗೆ ಹೋಯಿತು. ಆಗಷ್ಟೇ ಗುಡಿಸಿದ ಅಂಗಳ. ಜಗುಲಿಯಲ್ಲಿ ಹೊಸ ಕಂಬಳಿ ಹಾಸಿತ್ತು. ಸಂದೇಶನ ತಾಯಿ ವೆಂಕಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದವರು, ಯಾವ ಊರು ಯಾರು ಎಂದೂ ಕೇಳದೆ, ಕಾಲಿಗೆ ನೀರು ಕೊಟ್ಟು ನನ್ನ ಕೈ ಹಿಡಿದುಕೊಂಡರು. ನಮ್ಮ ಕಡೆ ಮಗಳಿಗೆ ಗಂಡು ಹುಡುಕುವವರು ಮೊದಲು ಊರಬಾಗಿಲಿನ ಅಂಗಡಿಯಲ್ಲೇ ವಿಚಾರಿಸುತ್ತಾರೆ. ಅವರು ಕೇಳುವುದೂ ಇವರು ಕೇಳಿದ್ದನ್ನೇ, ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ. ಅದೂ ಗಂಡ ಹೆಂಡತಿ ಕೂಡಿ, ರೇಷ್ಮೆ ಸೀರೆಯಲ್ಲಿ. ಊರಲ್ಲಿರುವ ಗಂಡುಮಕ್ಕಳಿಗೆ ಹೆಣ್ಣೇ ಸಿಗದ ಈ ಕಾಲದಲ್ಲಿ ಒಬ್ಬ ತಾಯಿ ಇನ್ನೇನು ತಿಳಿದುಕೊಳ್ಳಬೇಕು? ನಾನು ಇವರ ಮುಖ ನೋಡಿದೆ. ಇವರು ಆಗಲೇ ಸಂದೇಶ ಎಲ್ಲಿ ಎಂದು ಕೇಳುತ್ತಿದ್ದರು.

ವೆಂಕಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಒಲೆಯ ಮೇಲೆ ಬಾಳೆಹಣ್ಣಿನ ಕೇಸರಿ ಆಗಲೇ ಕುದಿಯುತ್ತಿತ್ತು. ತುಪ್ಪದ ಡಬ್ಬಿಯನ್ನು ಬೋರಲು ಹಾಕಿ ತಳ ಕೆರೆದು ಹಾಕುತ್ತಿದ್ದರು. ಈಗಲೇ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೇಳಿದರು.

"ನಿಂಗಕ್ಕೆ ಮಕ್ಕ ಎಷ್ಟು ಜನ, ತಂಗೀ?"

"ಒಬ್ಬಳೇ ಮಗಳು. ಅಭಿಜ್ಞಾ ಹೇಳಿ ಹೆಸರು. ಸಿರಸಿಯಲ್ಲೇ ಕಾಲೇಜಲ್ಲಿ ಪಾಠ ಮಾಡ್ತು."

ನಾನು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಿದೆ. ಆದರೆ ವೆಂಕಮ್ಮನ ಮುಖ ಅರಳಿದ್ದು ನೋಡಿ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತಾಡುತ್ತಲೇ ಹೋದರು. ಎಷ್ಟೋ ಕಡೆ ಜಾತಕ ಕೊಟ್ಟಾಗಿದೆಯಂತೆ. ಮನೆಗೆ ಬಂದು ನೋಡುವಷ್ಟು ಮನಸ್ಸು ಮಾಡಿದವರು ನಾವೇ ಮೊದಲಂತೆ. ಬಂದ ಹುಡುಗಿ ಕೆಲಸ ಬಿಡಬೇಕಾಗಿಲ್ಲ, ಅಡುಗೆಗೆ ತಾನಿದ್ದೇನೆ, ದಿನಾ ಸಿರಸಿಗೆ ಹೋಗಿಬರಲು ಮಗ ಕಾರು ತೆಗೆದುಕೊಳ್ಳುತ್ತಾನೆ. ಇದನ್ನೆಲ್ಲ ಬೇಡುವ ದನಿಯಲ್ಲಿ ಹೇಳುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನನ್ನೆದುರು ಹಾಗೆ ಮಾತಾಡಬಾರದಿತ್ತು.

ಇನ್ನೊಂದು ಮಾತು ಒಳಗೆ ಚುಚ್ಚುತ್ತಿತ್ತು. ಇಂಥ ಮನೆಗಳಿಂದ ನಮ್ಮ ಅಭಿಜ್ಞಾಳನ್ನೂ ಕೇಳಿದ್ದಾರೆ. ಕೇಳುವವರ ಮಾತು ಮುಗಿಯುವ ಮೊದಲೇ ನಾನು ಬೇಡ ಅಂದಿದ್ದೇನೆ. ಅವಳನ್ನು ಒಂದು ಸಲವೂ ಕೇಳಿದವಳಲ್ಲ. ಪೇಟೆಯಲ್ಲಿ ಬೆಳೆದ ಹುಡುಗಿಗೆ ಹಳ್ಳಿ ಯಾಕೆ ಎಂದು ನಾನೇ ತೀರ್ಮಾನ ಮಾಡಿದ್ದೆ. ಆ ತೀರ್ಮಾನ ಇಟ್ಟುಕೊಂಡೇ ಅವರ ಮನೆಯ ಕೇಸರಿ ತಿಂದೆ.

ಹೊರಗೆ ಜಗುಲಿಯಲ್ಲಿ ಸಂದೇಶ ಬಂದು ಕೂತಿದ್ದ. ತೋಟದಿಂದ ಬಂದವನು ಸ್ನಾನ ಮಾಡಿ ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದ. ನೋಡಲು ಲಕ್ಷಣವಾಗಿದ್ದ. ಇವರು ಸಿರಸಿ ಹೆಗಡೆ ಎಂದು ಪರಿಚಯ ಹೇಳಿಕೊಂಡು ಅವನನ್ನು ಊಟದ ಬಗ್ಗೆ, ನಿದ್ದೆಯ ಬಗ್ಗೆ, ಅಭ್ಯಾಸ ತಪ್ಪುವುದರ ಬಗ್ಗೆ ಕೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟು ಸನ್ನೆ ಮಾಡಿದೆ. ಸನ್ನೆ ತಿಳಿಯುವ ಗಂಡನಾಗಿದ್ದರೆ ನನಗೆ ಈ ಗತಿ ಯಾಕೆ ಬರುತ್ತಿತ್ತು? ಹುಡುಗ ಲುಂಗಿ ಸ್ವಲ್ಪ ಸರಿಸಿ ಬಲ ಮೊಣಕಾಲಿನ ಹೊಲಿಗೆಯ ಗುರುತು ತೋರಿಸಿದ.

"ಹೆಗಡೇರೆ, ಬ್ಯಾಸಿಗೆಯಲ್ಲಿ ಆಪರೇಶನ್ ಆಜು. ಟೀಮಿನವಕ್ಕೂ ಗೊತ್ತಿಲ್ಲೆ. ನಡೆಯಲೆ, ಕೆಲಸ ಮಾಡಲೆ ಎಂತಾ ತೊಂದರೆ ಇಲ್ಲೆ. ಆದ್ರೂ ಕೂಸಿನ ಮನೆಯವರ ಹತ್ರ ಮುಚ್ಚಿಡಲಾಗ."

ಕೂಸು ಅಂದದ್ದು ನಮ್ಮ ಅಭಿಜ್ಞಾಳನ್ನು. ಆ ಕ್ಷಣ ನಾನು ಮಾತಾಡಬೇಕಿತ್ತು. ಒಂದೇ ಮಾತು ಸಾಕಿತ್ತು. ಆದರೆ ವೆಂಕಮ್ಮ ನನ್ನ ಹಿಂದೆಯೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಹಣೆಗೆ ಕುಂಕುಮ ಇಟ್ಟರು, ಮಡಿಲಿಗೆ ಕಾಯಿ, ರವಿಕೆ ಕಣ ಹಾಕಿದರು, ನನ್ನ ನಂಬರ್ ಕೇಳಿ ಬರೆದುಕೊಂಡರು. ನಾನು ಎಲ್ಲಕ್ಕೂ ಬಗ್ಗಿದೆ.

ಕಾರಿನಲ್ಲಿ ಕೂತ ಕೂಡಲೇ ಇವರು ತೊಡೆ ತಟ್ಟಿಕೊಂಡರು. ದೇವರೇ ಕರೆಸಿದ ಹಾಗಾಯಿತು, ಇಲ್ಲದಿದ್ದರೆ ಮೊದಲ ಸರದಿ ಆ ಕುಂಟು ಕಾಲಿಗೆ ಹೋಗುತ್ತಿತ್ತು ಎಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿರಸಿ ಮುಟ್ಟುವವರೆಗೆ ಜಾಡಿಸಿದೆ. ಅವರು ನಮ್ಮನ್ನು ಏನೆಂದು ತಿಳಿದರು ಎಂಬುದು ಇವರಿಗೂ ಜಗುಲಿಯಲ್ಲೇ ಗೊತ್ತಾಗಿತ್ತಂತೆ. ತಾನಾಗಿ ಮದುವೆಯ ಮಾತೇ ಎತ್ತಿಲ್ಲವಲ್ಲ, ತಪ್ಪು ತಿಳಿದುಕೊಂಡರೆ ತಾನೇನು ಮಾಡಲಿ ಎಂದರು. ತಿರುಗಿ ಹೋಗಿ ಹೇಳಿ ಬರೋಣ ಎಂದೆ. ಹೇಳಿದರೆ ಅವರಿಗೇ ಅವಮಾನ ಎಂದರು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ತಿರುಗಿ ಹೋಗಿ ಆ ಹೆಂಗಸಿನ ಮುಖ ನೋಡುವ ಧೈರ್ಯ ನನಗೂ ಇರಲಿಲ್ಲ. ಇವರು ಬೇಡ ಅಂದದ್ದು ಒಳಗೊಳಗೆ ಒಳ್ಳೆಯದೇ ಆಯಿತು.

ಮರುದಿನ ಭಾನುವಾರ ಗೆಳೆಯರೆಲ್ಲ ನಮ್ಮ ಜಗುಲಿಯಲ್ಲಿ ಸೇರಿದರು. ಅಭಿಜ್ಞಾ ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನಾನು ಮಂಡಕ್ಕಿ ಉಸುಳಿ ಕೊಡಲು ಹೋದಾಗ ಇವರು ಮೊದಲ ಹೆಸರು ಹೇಳಿದರು, ಮಾಗೋಡಿನ ಉಲ್ಲಾಸನದು. ಎಲ್ಲರೂ ಹೋ ಎಂದರು. ಗೋವಿಂದ ಕುರ್ಚಿಯಿಂದ ಅರ್ಧ ಎದ್ದು ಸಂದೇಶನ ಹೆಸರು ಕೂಗಿದ. ಎಲ್ಲರ ಸರದಿ ಮುಗಿಯುವ ತನಕ ಇವರು ಹೇಗೆ ತಡೆದುಕೊಂಡರೋ. ಕೊನೆಯ ಹೆಸರು ಆದದ್ದೇ ತಡ, ಮೊಣಕಾಲಿನ ಕತೆ ಬಿಚ್ಚಿದರು. ಹೊಲಿಗೆಯ ಗುರುತು ಎಷ್ಟುದ್ದ ಎಂದು ಕೈಯಲ್ಲಿ ಅಳತೆ ತೋರಿಸಿದರು. ಗೋವಿಂದ ತಲೆ ಮೇಲೆ ಕೈಹೊತ್ತು ಕೂತ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಉಸುಳಿಯ ಪಾತ್ರೆ ಹಿಡಿದು ನಿಂತೇ ಇದ್ದೆ. ಇಷ್ಟು ಜನರ ಬಾಯಿಗೆ ಬಿದ್ದ ಮಾತು ನಾಳೆ ಮೂರು ತಾಲೂಕು ಸುತ್ತುತ್ತದೆ. ಟೀಮಿನವರು ಕೈಬಿಟ್ಟಾರು, ಅದು ಹೋಗಲಿ. ನಿಜವಾಗಿ ಮಗಳಿಗೆ ಗಂಡು ನೋಡುವವರು ಯಾರಾದರೂ ವಿಚಾರಿಸಿದರೆ, ಸಿರಸಿ ಹೆಗಡೆಯವರು ಹೋಗಿ ನೋಡಿ ಕಾಲು ಸರಿಯಿಲ್ಲ ಎಂದು ಬಿಟ್ಟುಬಂದ ಗಂಡು ಎಂದೇ ಅವರ ಕಿವಿಗೆ ಬೀಳುತ್ತದೆ. ಆ ಹುಡುಗ ನಂಬಿ ತೋರಿಸಿದ್ದು ನಮಗೆ.

ಅಷ್ಟರಲ್ಲಿ ಒಳಗೆ ನನ್ನ ಫೋನ್ ಹೊಡೆದುಕೊಂಡಿತು. ವೆಂಕಮ್ಮ. ಹಿತ್ತಿಲ ಬಾಗಿಲಿಗೆ ಹೋಗಿ ಎತ್ತಿದೆ. ಈ ಸಲ ಅವರಿಗೆ ಬಾಯಿ ತೆರೆಯಲೂ ಬಿಡಲಿಲ್ಲ. ಒಂದೇ ಉಸಿರಿನಲ್ಲಿ ಹೇಳಿದೆ. ನಾವು ಹೆಣ್ಣಿನ ಕಡೆಯವರಾಗಿ ಬಂದದ್ದಲ್ಲ, ನಮ್ಮನೆಯವರದ್ದೊಂದು ಆಟ, ಅದಕ್ಕೆ ನಿಮ್ಮ ಮಗ ಹೇಗಿದ್ದಾನೆಂದು ನೋಡಲು ಬಂದದ್ದು, ಗೊತ್ತಾದಾಗಲೂ ನಾನು ಬಾಯಿಬಿಡಲಿಲ್ಲ, ತಪ್ಪಾಯಿತು, ದೊಡ್ಡ ಮನಸ್ಸು ಮಾಡಿ. ಬೈಯಲಿ ಎಂದು ಕಾದೆ. ಬೈದರೆ ಸ್ವಲ್ಪ ಹಗುರಾಗುತ್ತಿತ್ತು.

"ಹಂಗಾರೆ ಕಾಲಿನ ಸಲುವಾಗಿ ಬೇಡ ಹೇಳಿದ್ದಲ್ಲ ಅಲ್ದಾ?" ಎಂದರು ವೆಂಕಮ್ಮ. ಅವರ ದನಿಯಲ್ಲಿ ಜೀವ ಬಂದಿತ್ತು. "ಮಾಣಿ ನಿನ್ನೆ ರಾತ್ರಿ ಊಟ ಮಾಡಿದ್ನಿಲ್ಲೆ. ಕಾಲು ತೋರಿಸಿದ್ದೇ ತಪ್ಪಾತೇನ ಹೇಳಿ ಒಂದೇ ಸಮ ಪೇಚಾಡ್ತಿದ್ದ."

ಆಗ ಜಗುಲಿಯ ಸುದ್ದಿಯನ್ನೂ ಹೇಳಬೇಕಿತ್ತು. ಕಾಲಿನ ವಿಷಯ ಆಗಲೇ ಊರಿಗೆ ಹೋಯಿತು ಎಂದು. ಜಗುಲಿಯಿಂದ ನಗು ಕೇಳಿಸುತ್ತಲೇ ಇತ್ತು. ಅವರೇ ಮುಂದುವರಿಸಿದರು.

"ಆಟಕ್ಕೇ ಬಂದಿದ್ದಿ, ಆತು. ಈಗ ಕೇಳ್ತೆ. ನಿಂಗಳ ಮಗಳನ್ನ ಯಂಗಳ ಮಾಣಿಗೆ ಕೇಳ್ಲಕ್ಕಾ?"

ಕೋಣೆಯ ಬಾಗಿಲು ತೆರೆದೇ ಇತ್ತು. ಅಭಿಜ್ಞಾ ಕೆಂಪು ಪೆನ್ನು ಕಚ್ಚಿಕೊಂಡು ಪೇಪರಿನ ಮೇಲೆ ಬಗ್ಗಿದ್ದಳು. ನನಗೂ ಅವಳಿಗೂ ಹತ್ತು ಹೆಜ್ಜೆ ಇರಲಿಲ್ಲ. ಕರೆದು ಒಂದು ಮಾತು ಕೇಳಬಹುದಿತ್ತು.

"ನಮ್ಮ ಕೂಸು ಹಳ್ಳಿ ಒಪ್ತಿಲ್ಲೆ, ಅಕ್ಕಾ," ಎಂದೆ. "ಮೊದಲೇ ಹೇಳಿಬಿಟ್ಟಿದ್ದು."

ವೆಂಕಮ್ಮ, ಉಳಿದವರೆಲ್ಲ ನೋಡೋಣ ಎಂದು ಹೇಳಿ ತಿಂಗಳುಗಟ್ಟಲೆ ಕಾಯಿಸುತ್ತಾರೆ, ನೀನೊಬ್ಬಳು ಇದ್ದದ್ದು ಇದ್ದ ಹಾಗೆ ಹೇಳಿದೆ, ನಿನಗೆ ಒಳ್ಳೆಯದಾಗಲಿ ಎಂದರು. ಸಿದ್ದಾಪುರದ ಕಡೆ ಬಂದರೆ ಮನೆಗೆ ಬಾರದೆ ಹೋಗಬೇಡ ಎಂದೂ ಹೇಳಿ ಫೋನಿಟ್ಟರು.

"ಯಾರೇ ಆಯಿ, ಅಷ್ಟೊತ್ತು?" ಅಭಿಜ್ಞಾ ತಲೆಯೆತ್ತದೆ ಕೇಳಿದಳು.

"ನಿನಗೆ ಗೊತ್ತಿಲ್ಲದ್ದವು," ಎಂದೆ. ಅವಳು ಹೂಂ ಎಂದು ಮುಂದಿನ ಪೇಪರ್ ತೆಗೆದುಕೊಂಡಳು.