ಕಣಜದ ಮೊಟ್ಟೆ

ಮಗಳು ರಜೆಗೆ ಬಂದ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಯಜಮಾನರ ಕೈ ನಡುಗುವುದು ಅವಳಿಗೆ ತಿಳಿಯಕೂಡದು, ಅದೇ ಇವರ ಹಟ. ಗಡಿಯಾರ ರಿಪೇರಿಯವರಿಗೆ ಕೈ ನಡುಗಿದರೆ ಉಳಿಯುವುದೇನು? ಈಚೆಗೆ ಸಣ್ಣ ಸ್ಕ್ರೂ, ಸ್ಪ್ರಿಂಗು ಎಲ್ಲ ಒಳಕೋಣೆಯಲ್ಲಿ ನಾನೇ ಕೂರಿಸುತ್ತೇನೆ. ಇವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅಂಗಡಿಯ ಕುರ್ಚಿಯಲ್ಲಿ ಗತ್ತಿನಿಂದ ಕೂತಿರುತ್ತಾರೆ. ಹೆಸರು ಇವರದು, ಕುತ್ತಿಗೆ ನೋವು ನನ್ನದು.

ಹುಳುಗಳ ಬಗ್ಗೆಯೇ ಓದುತ್ತಿರುವ ಮಗಳು ಅಂಗಡಿಯ ಕಿಟಕಿಗೆ ಜೊಂಡಿನ ಕೊಳವೆಗಳನ್ನು ಕಟ್ಟಿದ್ದಳು. ಗುಂಪಿಲ್ಲದೆ ಒಂಟಿಯಾಗಿ ಬಾಳುವ ಜೇನುನೊಣವೊಂದು ಅದರೊಳಗೆ ಪರಾಗದ ಉಂಡೆ ಮಾಡಿ, ಮೇಲೆ ಮೊಟ್ಟೆಯಿಟ್ಟು, ಮಣ್ಣಿನಿಂದ ಬಾಗಿಲು ಮುಚ್ಚುತ್ತಿತ್ತು. ಅದು ಮಣ್ಣು ತರಲು ಹೋದ ಹೊತ್ತು ನೋಡಿ ಹಸಿರಾಗಿ ಹೊಳೆಯುವ ಕಣಜವೊಂದು ಒಳಗೆ ನುಸುಳಿತು. ಎಷ್ಟು ಹೊತ್ತಿನಿಂದ ಹೊಂಚು ಹಾಕಿತ್ತೋ, ಹಾಳಾದ್ದು.

ಮಗಳು ಆ ಕೊಳವೆಯನ್ನು ಬಿಚ್ಚಿ ತಂದು, ಸೀಳಿ, ಅಪ್ಪನ ಮೇಜಿನ ಮೇಲಿಟ್ಟಳು.

“ಅಪ್ಪಾ, ಎರಡು ಮೊಟ್ಟೆ ಇದೆ ನೋಡು. ಓರೆಯಾಗಿರೋದು ಕಣಜದ್ದು. ಅದರ ಮರಿ ಮೊದಲು ಹುಟ್ಟಿ, ಜೇನಿನ ಮೊಟ್ಟೇನ ಸಾಯಿಸಿ, ಬುತ್ತಿ ಎಲ್ಲ ತಿಂದುಬಿಡುತ್ತೆ. ಮೆತ್ತಗೆ ಎತ್ತಿಬಿಡು. ನಿನ್ನ ಬಿಟ್ರೆ ಇನ್ಯಾರ ಕೈಲೂ ಆಗಲ್ಲ.”

“ಊಟ ಆಗ್ಲಿ, ಆಮೇಲೆ ನೋಡಿದ್ರಾಯ್ತು,” ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇವರು ಚಿಮುಟ ಹಿಡಿದರು. ಅದರ ತುದಿ ಮೊಟ್ಟೆಗಳ ಮೇಲೆ ಅತ್ತಿತ್ತ ಓಲಾಡಿತು. ಹಿಂದಕ್ಕೆಳೆದು, ಮಸೂರ ಒರೆಸಿ, ಮತ್ತೆ ಹಿಡಿದರು. ಮಗಳ ನೋಟ ಮೊಟ್ಟೆಯಿಂದ ಅಪ್ಪನ ಬೆರಳಿಗೆ ಬಂದು ಅಲ್ಲೇ ನಿಂತಿತು. ನಾನೇ ಕಿತ್ತುಕೊಳ್ಳಲೇ? ಕಿತ್ತುಕೊಂಡರೆ ಇವರ ಮಾನ ಹೋಗುತ್ತದೆ, ಸುಮ್ಮನಿದ್ದರೆ ಜೇನಿನ ಮೊಟ್ಟೆ ಉಳಿಯುವುದಿಲ್ಲ. ಕೈಯೊರೆಸುವ ಬಟ್ಟೆಯನ್ನು ಹಿಂಡುತ್ತ ನಿಂತೆ.

ಇವರು ಚಿಮುಟ ಕೆಳಗಿಟ್ಟು, ಕುರ್ಚಿ ಬಿಟ್ಟು ಎದ್ದರು.

“ನಿಮ್ಮಮ್ಮನ್ನ ಕೇಳಮ್ಮ,” ಎಂದರು. “ಈಗ ಸಣ್ಣ ಕೆಲಸ ಎಲ್ಲ ಮಾಡೋದು ಅವಳೇ. ನನ್ನ ಕೈ ನಿಲ್ಲಲ್ಲ.”

“ಯಾವಾಗಿಂದ?” ಮಗಳ ದನಿ ಕುಗ್ಗಿತ್ತು.

“ಮೊದಲು ಮೊಟ್ಟೆ ತೆಗೀಲಿ. ಆಮೇಲೆ ಹೇಳ್ತೀನಿ.”

ಆ ಕುರ್ಚಿಯಲ್ಲಿ ನಾನು ಎಂದೂ ಕೂತವಳಲ್ಲ. ಕೂತೆ. ಇವರ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡರೆ ಅಳು ಬಂದು ಅದು ಮಂಜಾಯಿತು. ಇವರು ಸಮಾಧಾನ ಮಾಡಲೆಂದು ನನ್ನ ಭುಜದ ಮೇಲೆ ಕೈಯಿಟ್ಟರು.

“ಕೈ ತೆಗೀರಿ, ನಡುಗುತ್ತೆ,” ಎಂದೆ.

ಮಗಳೆದುರಿಗೇ ಅಂದುಬಿಟ್ಟಿದ್ದೆ. ಇವರು ನಕ್ಕು ಕೈ ತೆಗೆದರು. ಮಗಳು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ನಾನು ಉಸಿರು ಬಿಗಿಹಿಡಿದು, ಓರೆಯಾಗಿದ್ದುದನ್ನು ಎತ್ತಿದೆ.