ದವಾಖಾನೆಯ ಮಾತು

ಶೀತಲ ತನ್ನ ಅತ್ತೆಯ ಗದ್ದದ ಕೆಳಗೆ ಬಿಳಿ ಬಟ್ಟೆ ಕೊಟ್ಟು, ನೆತ್ತಿಯ ಮೇಲಕ್ಕೆ ಎಳೆದು ಗಂಟು ಹಾಕಿದಳು. ಕೈ ಬಿಟ್ಟ ಕೂಡಲೇ ಬಾಯಿ ಮತ್ತೆ ತೆರೆದುಕೊಂಡಿತು.

“ಇನ್ನೂ ಬಿಗಿ ಎಳಿಯವ್ವ,” ಎಂದಳು ಪಕ್ಕದಲ್ಲಿದ್ದ ಮುದುಕಿ. “ಜೀವ ಹೋದ ಗಳಿಗ್ಯಾಗೇ ಕಟ್ಟಬೇಕಿತ್ತು. ತಡಾ ಮಾಡೀರಿ.”

“ನಮಗ ಒಳಗ ಬಿಟ್ಟಿದ್ರಲ್ಲ ಕಟ್ಟೋದು,” ಎಂದು ಶೀತಲ ಗಂಟು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಅತ್ತೂ ಅತ್ತೂ ಅವಳ ದನಿ ಒಡೆದಿತ್ತು. ಸಿಟ್ಟು ಮಾತ್ರ ಹಾಗೇ ಉಳಿದಿತ್ತು.

ಸುಂದರಬಾಯಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಮಡಿಲಲ್ಲಿ ಬಿಲ್ವಪತ್ರೆ. ಅಂಗಳದಲ್ಲಿ ಭಜನೆಯವರು ತಾಳ ಹಿಡಿದು ಕೂತಿದ್ದರು. ಬದುಕಿದ್ದಾಗ ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಟ್ಟರೆ ಹೆಚ್ಚು ಎನ್ನುವ ಹೆಂಗಸು, ಈಗ ಔರಾದದ ಓಣಿಯೆಲ್ಲ ನೋಡುವ ಹಾಗೆ ಬಾಯಿ ತೆರೆದು ಕೂತಿದ್ದಳು.

ಕಂಬದ ಮರೆಯಲ್ಲಿ ಕೂತ ಸುಜಾತಾಳಿಗೆ ಆ ಬಾಯಿಯಿಂದ ಕಣ್ಣು ಕೀಳಲಾಗಲಿಲ್ಲ. ಏನೋ ಹೇಳಲು ಹೊರಟು ಅರ್ಧಕ್ಕೇ ನಿಂತ ಹಾಗಿತ್ತು ಅದು. ಹೇಳಲಿದ್ದದ್ದು ತನ್ನ ಹೆಸರನ್ನೇ ಏನೋ ಎನಿಸಿ ಅವಳು ಕಂಬಕ್ಕೆ ಇನ್ನಷ್ಟು ಒತ್ತಿ ಕೂತಳು.

ನಸುಕಿನಲ್ಲಿ ಅವಳ ಅತ್ತೆ ಸುಮಿತ್ರಾಬಾಯಿ ಫೋನ್ ಮಾಡಿದ್ದಳು. “ನಮ್ಮ ಓಣಿ ಸುಂದರಬಾಯಿ ಹೋದ್ಳು. ಮಣ್ಣಿಗಿ ಬಾ. ನಿನಗೊಂದು ಮಾತು ಹೇಳೋದದ.” ಏನು ಮಾತು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ನೌಬಾದದಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಜೀವನ ಮಾಡುವ ಸುಜಾತಾ ಆವತ್ತು ಒಲೆ ಹಚ್ಚಲಿಲ್ಲ. ಮಗಳು ಶಿವಾನಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಔರಾದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯ ಸರಳು ಬಿಗಿಹಿಡಿದೇ ಕೂತಿದ್ದಳು.

“ಖರೆ ಹೇಳ್ತೇನಿ, ಸತ್ತವರ ಬಗ್ಗಿ ಅನ್ನಬಾರದು,” ಎಂದಳು ಮುದುಕಿ. “ಭಾಳ ಸೊಕ್ಕಿನಾಕಿ ಇದ್ಳು. ರಸ್ತಾದಾಗ ಎದುರಿಗಿ ಬಂದ್ರೂ ತಾನಾಗಿ ಒಬ್ಬರಿಗೂ ಮಾತಾಡ್ಸಲಿಲ್ಲ.”

“ನನಕಿಂತ ಹೆಚ್ಚು ಯಾರಿಗಿ ಗೊತ್ತದ?” ಎಂದಳು ಸುಮಿತ್ರಾಬಾಯಿ. “ಸಣ್ಣಾಕಿದ್ದಾಗಿಂದ ಕೂಡೇ ಆಡೀವಿ. ನನ್ನ ಮಗ ಸತ್ತಾಗ ಆಕಿಗಿ ಕೈ ಮುಗದು ಕೇಳ್ದೆ. ಕಾಶೀನಾಥ ನೀ ನರ್ಸ್ ಇರೋ ಭಾಲ್ಕಿ ದವಾಖಾನಿಗಿ ಬಂದು ಹೋಗೋದು ಮಂದಿ ನೋಡ್ಯಾರ, ಅವನಿಗಿ ಏನಾಗಿತ್ತು ಅಷ್ಟು ಹೇಳು ಅಂದೆ. ‘ದವಾಖಾನಿ ಮಾತು ದವಾಖಾನ್ಯಾಗೇ ಇರ್ಲಿ’ ಅಂದ್ಳು. ಹೆತ್ತಾಕಿಗಿ ಹಿಂಗ ಅಂತಾರೇನು? ಆವತ್ತಿನಿಂದ ಇವತ್ತಿನ ತನಕ ಈ ಮನಿ ಹೊಸ್ತಿಲ ತುಳಿದಿದ್ದಿಲ್ಲ ನಾ.”

“ಜ್ವರ ತಲಿಗೇರಿದಾಗ ಮಾತ್ರ ಮಾತಾಡಿದ್ರು,” ಎಂದಳು ಶೀತಲ. ಕಡೆಗೂ ಗಂಟು ನಿಂತಿತ್ತು. ಅವಳು ಅತ್ತೆಯ ತುಟಿಗಳನ್ನು ಬೆರಳಿಂದ ಕೂಡಿಸಿ, ತನ್ನ ಕೈ ಸೆರಗಿಗೆ ಒರೆಸಿಕೊಂಡಳು. “ಮೊದಲ್ನೇ ದಿನ ಒಂದೇ ಸವನ ಬಡಬಡಿಸಿದ್ರು. ‘ಮಾತ್ರಿ ತಪ್ಪಿಸಬ್ಯಾಡ, ಒಂದು ದಿನಾನೂ ತಪ್ಪಿಸಬ್ಯಾಡ.’ ಯಾರಿಗಿ ಅಂತೀರಿ ಅತ್ತಿ ಅಂತ ಕೇಳ್ದೆ. ಕಣ್ಣು ತೆರದ್ರು. ‘ನಾ ಏನೇನು ಅಂದೆ, ಯಾರ ಹೆಸರ ತಗೊಂಡೆ’ ಅಂತ ನನ್ನ ಕೈ ಹಿಡದು ಕೇಳಿದ್ರು. ಅಷ್ಟು ಹೆದರಿದ್ದು ನಾ ಎಂದೂ ನೋಡಿದ್ದಿಲ್ಲ. ಆಮ್ಯಾಲ ಭಾಲ್ಕಿಲಿಂದ ಆಯಾ ಮರಿಯಮಬೀಗ ಕರಸು ಅಂದ್ರು. ಆಕಿ ಬಂದಮ್ಯಾಲ ನಮಗ್ಯಾರಿಗೂ ಒಳಗ ಬಿಡಲಿಲ್ಲ. ಹೊಟ್ಟಿಲೆ ಹುಟ್ಟಿದ ಮಗನಿಗೂ.”

“ಯಾರ ಹೆಸರು ತಗೊಂಡಿದ್ಳು?” ಮುದುಕಿ ಮುಂದೆ ಸರಿದಳು.

“ನನಗ ತಿಳೀಲಿಲ್ಲ. ಆಮ್ಯಾಲ ಒಳಗ ಇದ್ದಾಕಿ ಆ ಮರಿಯಮಬೀ ಒಬ್ಬಾಕೀನೇ. ಹಗಲೂ ರಾತ್ರಿ ಆಕಿನೇ ಕೂತಿದ್ದಳಲ್ಲ.”

“ಹೋದ ವಾರ ನಾನೂ ಬಂದಿದ್ದೆ,” ಎಂದಳು ಸುಮಿತ್ರಾಬಾಯಿ ಮೆಲ್ಲಗೆ. “ಜ್ವರದಾಗರ ಖರೆ ಹೇಳ್ಯಾಳು ಅಂತ. ಹಿತ್ತಲ ಕಿಟಕಿ ಬಲ್ಲಿ ನಿಂತಿದ್ದೆ.”

“ಏನರ ಕೇಳ್ಸಿತೇನು?”

ಸುಮಿತ್ರಾಬಾಯಿ ಕಂಬದ ಕಡೆಗೆ ತಿರುಗಿ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಸಣ್ಣಾಗಿದಿ,” ಎಂದಳು. “ಮಣ್ಣು ಆದಮ್ಯಾಲ ಮಾತಾಡೋಣು.”

ಸುಜಾತಾ ಮಾತ್ರೆಗಳನ್ನು ಅಡಿಕೆ ಸಂಚಿಯಲ್ಲಿ ಹಾಕಿ ನಡುವಿಗೆ ಸಿಕ್ಕಿಸಿಕೊಂಡಿದ್ದಳು. ಕೈ ತಾನಾಗಿ ಅಲ್ಲಿಗೆ ಹೋಯಿತು.

*

ಕಾಶೀನಾಥ ಸಾಯುವ ಮುಂಚೆ ಅವಳೊಬ್ಬಳಿಗೇ ಹೇಳಿದ್ದ. ಎಚ್‌ಐವಿ. “ಅವ್ವಗ ಹೇಳಬ್ಯಾಡ. ನೀನೂ ಪರೀಕ್ಷಾ ಮಾಡಿಸಿಕೊ. ಭಾಲ್ಕಿಗಿ ಹೋಗು, ಅಲ್ಲಿ ಒಬ್ಬ ಸಿಸ್ಟರ್ ಇದ್ದಾರ.”

ಸುಜಾತಾ ಭಾಲ್ಕಿಯ ರೈಲು ಹತ್ತಿದ್ದು ಆ ಮಾತಿನ ಮೇಲೆ; ಆ ಸಿಸ್ಟರ್ ಯಾರೆಂದು ಅವನು ಹೇಳಿರಲಿಲ್ಲ. ಅಲ್ಲಿ ತನ್ನ ಗುರುತಿನವರು ಯಾರಿರುತ್ತಾರೆ ಎಂದುಕೊಂಡು ದವಾಖಾನೆಯ ಮೂಲೆ ಕೋಣೆಯ ಬಾಗಿಲು ತಳ್ಳಿದರೆ, ಬಿಳಿ ಕೋಟು ಹಾಕಿಕೊಂಡು ಕೂತಾಕೆ ಅತ್ತೆಯ ಓಣಿಯವಳು. ಮದುವೆಯಲ್ಲಿ ಅಕ್ಷತೆ ಹಾಕಿ, ಅತ್ತೆಯ ಕೂಡ ಒಂದೇ ತಾಟಿನಲ್ಲಿ ಉಂಡಿದ್ದವಳು. ಸುಜಾತಾ ಅಲ್ಲಿಂದಲೇ ಹಿಂದೆ ಸರಿದಳು.

“ಕೂಡ್ರು,” ಎಂದಳು ಸುಂದರಬಾಯಿ. “ಆ ಬಾಗಿಲ ಹೊರಗ ನಾ ನಿಮ್ಮತ್ತಿ ಗೆಳತಿ. ಒಳಗ ನಾ ನರ್ಸ್. ಕಾಶೀನಾಥಗ ಎಷ್ಟು ಸಲ ಅಂದಿದ್ದೆ, ಹೆಂಡತಿಗಿ ನಿನ್ನ ಬಾಯಿಲೇ ಹೇಳು ಅಂತ. ತಡಾ ಮಾಡಿದ, ಆದ್ರೂ ಹೇಳಿದ.”

ಸುಜಾತಾಳ ರಕ್ತದಲ್ಲಿ ಇತ್ತು. ಶಿವಾನಿಯ ರಕ್ತದಲ್ಲಿ ಇರಲಿಲ್ಲ. ಆವತ್ತು ಅವಳು ಅತ್ತದ್ದು ಎರಡನೆಯ ಮಾತಿಗೆ.

“ನಾ ರೊಟ್ಟಿ ಮಾಡಿ ಮಾರ್ತೇನ್ರಿ ಸಿಸ್ಟರ್. ತಿಂದವರಿಗಿ...”

“ರೊಟ್ಟಿಲಿಂದ ಬರಂಗಿಲ್ಲ. ತಿಂದವರಿಗಿ ಹೊಟ್ಟಿ ತುಂಬ್ತದ, ಮತ್ತೇನೂ ಆಗಂಗಿಲ್ಲ.”

“ಮಂದಿಗಿ ತಿಳಿದ್ರ ಯಾರೂ ತಿನ್ನಂಗಿಲ್ರಿ. ಅತ್ತಿಗಿ ತಿಳಿದ್ರ ನಾನೇ ಮಗನ್ನ ತಿಂದೆ ಅಂತಾರ. ಶಿವಾನಿಗಿ ಕಸಗೊಂಡು ಹೋಗ್ತಾರ.”

ಸುಂದರಬಾಯಿ ಮೇಜಿನ ಮೇಲಿದ್ದ ಮಾತ್ರೆಯ ಡಬ್ಬಿಯನ್ನು ಅವಳ ಕಡೆಗೆ ಸರಿಸಿದಳು. “ನನ್ನ ಬಾಯಿಲಿಂದ ತಿಳಿಯಂಗಿಲ್ಲ. ಇನ್ನೊಂದು ಕೇಳು. ಹೊರಗ ಎಲ್ಲೇ ಸಿಕ್ಕಿದ್ರೂ ನಾನಾಗಿ ನಿನಗ ಮಾತಾಡ್ಸಂಗಿಲ್ಲ. ಸಿಟ್ಟಾಗಬ್ಯಾಡ. ನಾ ಮಾತಾಡ್ಸಿದ್ರ ಬಾಜೂಕಿದ್ದವರು ನಿನಗ ಕೇಳ್ತಾರ, ಈ ನರ್ಸ್ ನಿನಗ ಹ್ಯಾಂಗ ಗೊತ್ತು ಅಂತ. ನೀ ಏನು ಹೇಳ್ತಿ? ಅದಕ್ಕ ನೀನೇ ಮೊದ್ಲು ಮಾತಾಡ್ಸಬೇಕು. ಮಾತಾಡ್ಸಿದ್ರ ಮಾತಾಡ್ತೇನಿ.”

ಔರಾದದ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತದ್ದಿತ್ತು. ಸುಂದರಬಾಯಿ ಬಸ್ಸಿನ ಬೋರ್ಡು ನೋಡುತ್ತ ಕೂಡುವಳು. ಸುಜಾತಾ ನೆಲ ನೋಡುತ್ತ ಕೂಡುವಳು. ಗುರುತಿದ್ದವರು, ಇಲ್ಲದವರು, ಯಾರನ್ನೂ ಸುಂದರಬಾಯಿ ತಾನಾಗಿ ಮಾತಾಡಿಸುತ್ತಿರಲಿಲ್ಲ. ಕೆಲವರನ್ನು ಮಾತಾಡಿಸಿ ಕೆಲವರನ್ನು ಬಿಟ್ಟರೆ ಬಿಟ್ಟವರು ಯಾರು ಎಂದು ಮಂದಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಊರಿಗೆ ಊರನ್ನೇ ಬಿಟ್ಟಿದ್ದಳು. ಊರು ಅದಕ್ಕೆ ಸೊಕ್ಕು ಎಂದು ಹೆಸರಿಟ್ಟಿತ್ತು. ಸುಜಾತಾಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಒಂದು ಸಲವೂ ಮೊದಲು ಮಾತಾಡಿಸುವ ಧೈರ್ಯ ಅವಳಿಗೆ ಬಂದಿರಲಿಲ್ಲ.

*

ಮರಿಯಮಬೀ ಅಂಗಳದ ಬೇವಿನ ಗಿಡದ ಕೆಳಗೆ ಒಬ್ಬಳೇ ಕೂತಿದ್ದಳು. ಯಾರೂ ಅವಳಿಗೆ ಚಹಾ ಕೊಟ್ಟಿರಲಿಲ್ಲ. ಭಾಲ್ಕಿ ದವಾಖಾನೆಯಲ್ಲಿ ಆಯಾ ಆಗಿದ್ದ ಮುದುಕಿ ಈಗ ಒಂದು ಹಿಡಿಯಷ್ಟಾಗಿದ್ದಳು. ಕೈಯಲ್ಲಿ ಜಪಮಣಿ ಸರಿಯುತ್ತಿತ್ತು.

ಸುಜಾತಾ ಒಂದು ತಂಬಿಗೆ ನೀರು ತೆಗೆದುಕೊಂಡು ಹೋದಳು. ನೀರು ನೆಪ. ಅತ್ತೆ ಮಾತಾಡುವ ಮುಂಚೆ ತನಗೆ ತಿಳಿಯಬೇಕಿತ್ತು. ಈ ಮುದುಕಿಯ ಬಾಯಲ್ಲಿ ತನ್ನ ಹೆಸರಿದ್ದರೆ ಸಂಜೆಯೊಳಗೆ ಓಣಿಯಲ್ಲಿ ಇರುತ್ತದೆ, ನಾಳೆ ನೌಬಾದದಲ್ಲಿ. ಅವಳು ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿಯ ಹತ್ತಿರ ಬಗ್ಗಿ, ಉಸಿರಲ್ಲಿ ಕೇಳಿದಳು.

“ಬೀ, ಸಿಸ್ಟರ್ ಜ್ವರದಾಗ ಸುಜಾತಾ ಅಂತ ಹೆಸರ ತಗೊಂಡಿದ್ರೇನ್ರಿ?”

ಮರಿಯಮಬೀ ತಿರುಗಿ ಅವಳ ಮುಖ ನೋಡಿದಳು.

“ಏನಂದಿ?” ಆ ಹಿಡಿಯಷ್ಟು ದೇಹದಿಂದ ಅಂಗಳ ತುಂಬುವ ದನಿ ಬಂತು. “ಜೋರಾಗಿ ಅನ್ನು ಬೇಟಿ. ಸುಂದರಬಾಯಿ ಏನು ಅಂದ್ಳು ಅಂತ ಕೇಳ್ತಿಯೇನು?”

ತಾಳ ನಿಂತಿತು. ಪಡಸಾಲೆಯ ಹೆಂಗಸರೆಲ್ಲ ತಿರುಗಿದರು. ಸುಮಿತ್ರಾಬಾಯಿ ಎದ್ದು ಮೆಟ್ಟಿಲಿಗೆ ಬಂದಳು. ಸುಜಾತಾಳ ಕೈಯಿಂದ ತಂಬಿಗೆ ಜಾರಿ ನೀರು ಮಣ್ಣಲ್ಲಿ ಹರಿಯಿತು. ಮುಗಿಯಿತು ಎಂದುಕೊಂಡಳು ಅವಳು. ಶಿವಾನಿಯ ಮುಖ ಕಣ್ಣ ಮುಂದೆ ಬಂತು.

“ಏನು ಕೇಳ್ದಿ ಆಕಿಗಿ?” ಎಂದಳು ಅತ್ತೆ.

“ನೀರು... ನೀರು ಕುಡೀತೀರೇನು ಅಂತ ಕೇಳ್ದೆ ಅತ್ತಿ.”

“ಆಕಿಗಿ ಕೇಳಿ ಏನು ಬಂತು?” ಶೀತಲ ಪಡಸಾಲೆಯಿಂದಲೇ ಅಂದಳು. “ಕಲ್ಲು ಕಿವುಡಿ ಆಕಿ. ಟಿ.ಬಿ. ಬಂದಾಗ ಸೂಜಿ ಮಾಡಿಸಿಕೊಂಡು ಎರಡೂ ಕಿವಿ ಹೋಗ್ಯಾವ. ಅದೇ ನನಗ ಸಿಟ್ಟು. ನಾ ಇದ್ದೆ, ಮಗ ಇದ್ದ. ಎಲ್ಲಾರಿಗೂ ಹೊರಗ ಹಾಕಿ, ನೀರು ಅಂದ್ರ ಕೇಳಲಾರದಾಕಿನ್ನ ಬಾಜೂಕ ಕೂಡ್ರಿಸಿಕೊಂಡ್ರು. ಯಾಕ? ಜೀವ ಹೋಗಿದ್ದೂ ಆಕಿಗಿ ತಿಳೀಲಿಲ್ಲ. ನಾವು ಕದಾ ತಳ್ಳಿದಾಗ ಕೈ ಹಿಡಕೊಂಡು ಕೂತಿದ್ಳು.”

ಯಾಕೆ ಎನ್ನುವುದು ಅಂಗಳದಲ್ಲಿ ಒಬ್ಬಳಿಗೆ ಮಾತ್ರ ತಿಳಿಯಿತು. ಸುಜಾತಾ ಒದ್ದೆ ಮಣ್ಣಿನಲ್ಲೇ ಕೂತುಬಿಟ್ಟಳು. ಬಾಯಾರಿ ಒಣಗಿದ ಗಂಟಲಿನಲ್ಲಿ, ಕೇಳುವ ಕಿವಿ ಒಂದೂ ಇಲ್ಲದ ಕೋಣೆಯಲ್ಲಿ, ಆ ಹೆಂಗಸು ಎಷ್ಟು ಜನರ ಹೆಸರು ಕೂಗಿ ಸತ್ತಳೋ.

“ತುಟಿ ಅಳ್ಳಾಡತಿದ್ವು,” ಎಂದಳು ಮರಿಯಮಬೀ, ಯಾರಿಗೋ ಎನ್ನುವಂತೆ ಅದೇ ದೊಡ್ಡ ದನಿಯಲ್ಲಿ. “ಹಗಲೆಲ್ಲ ಅಳ್ಳಾಡತಿದ್ವು. ನನ್ನ ಕಣ್ಣೂ ಮಂಜು. ಏನಂದ್ಳೋ ಅಲ್ಲಾಗೇ ಗೊತ್ತು. ನಾ ಸುಮ್ನ ಹ್ಞೂಂ ಹ್ಞೂಂ ಅಂತಿದ್ದೆ.”

“ಹಿತ್ತಲ ಕಿಟಕೀನೂ ಒಳಗಿಂದ ಮುಚ್ಚಿಸಿದ್ಳು,” ಸುಮಿತ್ರಾಬಾಯಿ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. ಅವಳ ದನಿ ಕುಸಿದಿತ್ತು. “ಎಷ್ಟು ಹೊತ್ತು ನಿಂತ್ರೂ ನನಗ ಒಂದು ಅಕ್ಷರ ಕೇಳಲಿಲ್ಲ.”

*

ಸುಂದರಬಾಯಿಯನ್ನು ಕುರ್ಚಿಯಲ್ಲಿ ಕೂಡಿಸಿಯೇ ಹೊತ್ತು ಹೊಲಕ್ಕೆ ಒಯ್ದರು. ಹಿಂದೆ ಹೆಂಗಸರು ನಡೆದರು. ಅತ್ತೆ ಸೊಸೆಯ ಪಕ್ಕಕ್ಕೆ ಬಂದಳು.

“ಫೋನಿನಾಗ ಅಂದಿದ್ದೆನಲ್ಲ, ಮಾತು ಅದ ಅಂತ. ಶಿವಾನಿಗಿ ಸೂಟಿ ಬಿಟ್ಟಾಗ ಇಲ್ಲಿ ಕಳಸು. ನಾ ಇನ್ನ ಎಷ್ಟು ದಿನ ಇರ್ತೇನೋ. ಕಾಶೀನಾಥನ ಮಾರಿ ಆಕಿ ಮಾರ್ಯಾಗ ನೋಡ್ತೇನಿ.”

ಅಷ್ಟೇ. ಇಷ್ಟಕ್ಕೆ ತಾನು ಬಸ್ಸಿನಲ್ಲಿ ಸತ್ತು ಸತ್ತು ಬಂದೆನೇ ಎಂದುಕೊಂಡಳು ಸುಜಾತಾ. “ಕಳಿಸ್ತೇನ್ರಿ,” ಎಂದಳು. ಆದರೆ ಹೆದರಿಕೆ ಹೋಗಲಿಲ್ಲ. ಇದು ಇವತ್ತಿನದಲ್ಲ, ನಾಳೆಯೂ ಇರುತ್ತದೆ, ಮಾತ್ರೆ ಇರುವವರೆಗೆ ಇರುತ್ತದೆ. ಇದನ್ನೇ ಆ ಹೆಂಗಸು ಎಷ್ಟೋ ಮಂದಿಯ ಪರವಾಗಿ ಒಬ್ಬಳೇ ಹೊತ್ತಿದ್ದಳು. ಬದಲಿಗೆ ಊರ ದೂರು, ಗೆಳತಿಯ ಮುನಿಸು, ಸೊಸೆಯ ಸಿಟ್ಟು.

ಎರೆ ಮಣ್ಣಿನ ಕುಣಿಯೊಳಗೆ ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಅಯ್ಯನವರು ಗದ್ದದ ಬಟ್ಟೆಯ ಗಂಟು ಬಿಚ್ಚಿದರು. ಸುಜಾತಾ ಉಸಿರು ಹಿಡಿದಳು. ಬಾಯಿ ತೆರೆಯಲಿಲ್ಲ. ತುಟಿಗಳು ಬಿಗಿದುಕೊಂಡಿದ್ದವು.

ಒಬ್ಬೊಬ್ಬರೇ ಪತ್ರೆ ಹಾಕಿ, ಹಿಡಿ ಮಣ್ಣು ಹಾಕಿ, ಸರಿದರು. ಸುಜಾತಾಳ ಸರದಿ ಬಂತು. ಪಕ್ಕದಲ್ಲಿ ಅತ್ತೆ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತಿದ್ದಳು. ಸುಮ್ಮನೆ ಹಾಕಿ ಸರಿದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಸುಜಾತಾ ಕುಣಿಯ ಅಂಚಿಗೆ ಬಗ್ಗಿದಳು.

“ಸಿಸ್ಟರ್,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ನಾ ಸುಜಾತಾ ಬಂದೇನ್ರಿ. ಚಲೋ ಇದ್ದೇನ್ರಿ.”

ಬಿಲ್ವಪತ್ರೆ ಸುಂದರಬಾಯಿಯ ಮಡಿಲಲ್ಲಿ ಬಿತ್ತು.

ಅತ್ತೆ ಅವಳ ಮೊಳಕೈ ಹಿಡಿದಳು. “ಸಿಸ್ಟರ್ ಅಂದಿ. ಆಕಿ ನಿನಗ ಹ್ಯಾಂಗ ಗೊತ್ತು?”

ಸುಜಾತಾಳ ಕೈ ನಡುವಿನ ಸಂಚಿಗೆ ಹೋಯಿತು. ಓಡಿಹೋಗಬೇಕೆನಿಸಿತು. ಓಡಲಿಲ್ಲ.

“ದವಾಖಾನಿ ಮಾತು ಅತ್ತಿ,” ಎಂದಳು. “ದವಾಖಾನ್ಯಾಗೇ ಇರ್ಲಿ.”

ಸುಮಿತ್ರಾಬಾಯಿ ಕುಣಿಯೊಳಗಿನ ಗೆಳತಿಯನ್ನು ನೋಡಿದಳು. ಸೊಸೆಯನ್ನು ನೋಡಿದಳು. ಸೊಸೆಯ ಕೈ ಒತ್ತಿ ಹಿಡಿದ ನಡುವನ್ನು ನೋಡಿದಳು. ಅವಳ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಹಿಂದಿನವರು ತಳ್ಳುತ್ತಿದ್ದರು. ಅವಳು ಮೊಳಕೈ ಬಿಡಲಿಲ್ಲ. ಇನ್ನೊಂದು ಕೈಯ ಬಿಗಿದ ಮುಷ್ಟಿಯ ಸಂದಿಯಿಂದ ಕರಿ ಮಣ್ಣು ಸ್ವಲ್ಪ ಸ್ವಲ್ಪವೇ ಕುಣಿಯೊಳಕ್ಕೆ ಸುರಿಯುತ್ತಿತ್ತು.